ಬಾಳವ್ವನಿಗೆ ಹೇಳದ ಸುದ್ದಿ

“ಅಜ್ಜಾರ, ಒಬ್ಬರ ಮನಸ್ಸು ನೋಯಬಾರದೆಂದು ಒಂದು ಸುದ್ದಿಯನ್ನು ಕೆಲವು ದಿನ ಹೇಳದೆ ಇಟ್ಟರೆ ಅದು ಪಾಪವೇ? ಸುಳ್ಳು ಹೇಳುವುದಲ್ಲ. ಸುಮ್ಮನಿರುವುದು, ಅಷ್ಟೇ.”

ಹೀಗೆ ಗುರುಪಾದ ಎಂಬ ಶಿಷ್ಯ ಮಠದ ಸ್ವಾಮಿಗಳನ್ನು ಕೇಳಿದ. ಸ್ವಾಮಿಗಳು, “ಕೇಳು” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕಾಳಿನ ವ್ಯಾಪಾರ. ಒಳ್ಳೆಯ ಮನುಷ್ಯ. ಹಣೆಗೆ ವಿಭೂತಿ ಹಚ್ಚದೆ ಬಾಯಿಗೆ ನೀರು ಹಾಕಿದವನಲ್ಲ. ಅವನಿಗೆ ಹೆಂಡತಿ, ಒಂದು ಎಳೆಯ ಕೂಸು. ಮನೆಯಲ್ಲೇ ಇದ್ದು ಕೆಲಸ ಮಾಡುವ ಹೆಣ್ಣುಮಗಳು ಒಬ್ಬಳು. ವರ್ತಕನ ಹೆಸರು ನಮಗೆ ಬೇಡ. ಅವಳ ಹೆಸರು ಬಾಳವ್ವ.

ಬಾಳವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹಳ್ಳಿಯಲ್ಲಿ ತಾಯಿ ಒಬ್ಬಳೇ. ಆ ತಾಯಿಗೂ ಬಾಳವ್ವ ಒಬ್ಬಳೇ. ವರ್ತಕನ ಕೂಸು ಬಾಳವ್ವನ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ, ಅವಳ ಮಗ್ಗುಲಲ್ಲಲ್ಲದೆ ಮಲಗುತ್ತಿರಲಿಲ್ಲ. ಆ ಮನೆಯವರು ಅವಳಿಗೆ ಬೇರೆ ತಾಟು ಇಟ್ಟಿರಲಿಲ್ಲ. ಎಂದೂ ತಂಗಳು ಹಾಕಿದವರಲ್ಲ. ಬಂದವರೆದುರು ವರ್ತಕನ ಹೆಂಡತಿ, “ಈಕಿ ಕೆಲಸದಾಕಿ ಅಲ್ಲರೀ, ನಮ್ಮ ಮನಿ ಮಗಳು” ಎನ್ನುತ್ತಿದ್ದಳು. ಅದು ತೋರಿಕೆಯ ಮಾತಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ವರ್ತಕ ಸಮುದ್ರದಾಚೆಯ ಒಂದು ದೇಶಕ್ಕೆ ಸಂಸಾರ ಸಮೇತ ಹೋಗಿಬರಲು ಮನಸ್ಸು ಮಾಡಿದ. ಬಾಳವ್ವನಿಗೂ ಟಿಕೀಟು ತೆಗೆಸಿದ. ಹೊರಡುವ ದಿನ ಹತ್ತಿರ ಬಂದಾಗ ಬಾಳವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಅಕ್ಕಾರ, ನಮ್ಮವ್ವಗ ಮೈಯಾಗ ಆರಾಮಿಲ್ಲ. ನಾ ಇಲ್ಲೇ ಉಳಿತೀನ್ರಿ.”

“ಹುಚ್ಚಿ, ವಿಮಾನದಾಗ ಕೂಡೂದು ಎಷ್ಟು ಮಂದಿ ಹಣ್ಯಾಗ ಬರದಿರತೈತಿ? ಊರಿಂದ ಏನರೆ ಸುದ್ದಿ ಬಂತಂದ್ರ ಅವತ್ತ ನಿನ್ನ ಕಳಸ್ತೀವಿ. ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ?”

ನಂಬಿಕೆ ಇತ್ತು. ಬಾಳವ್ವ ಹಳ್ಳಿಗೆ ಹೋಗಿ ತಾಯಿಗೆ ವಿಷಯ ಹೇಳಿದಳು. ಮುದುಕಿ ಕೆಮ್ಮುತ್ತಲೇ ನಕ್ಕಳು. “ಹೋಗಿ ಬಾ. ಮುಗಲಾಗ ಕುಂತು ನೋಡಿದ್ರ ಕೆಳಗ ಹೆಂಗ ಕಾಣತೈತಿ, ಬಂದು ಹೇಳು. ಅದನ್ನ ಕೇಳದ ನಾ ಸಾಯೂದಿಲ್ಲ ತಗೋ” ಎಂದಳು. ನೆರೆಮನೆಯವನಿಗೆ ವರ್ತಕನ ಫೋನಿನ ನಂಬರನ್ನು ಕೊಟ್ಟು ಬಾಳವ್ವ ಹೊರಟಳು. ಅವಳ ಫೋನು ಆ ದೇಶದಲ್ಲಿ ನಡೆಯುತ್ತಿರಲಿಲ್ಲ.

ಅಲ್ಲಿ ಹೋದ ಮೇಲೆ ಒಂದು ಮುಂಜಾನೆ ವರ್ತಕನ ಫೋನಿಗೆ ನೆರೆಮನೆಯವನ ಕರೆ ಬಂತು. “ಸಾವ್ಕಾರ್ರ, ಮುದುಕಿ ಹಾಸಿಗಿ ಹಿಡದಾಳ್ರಿ. ಬರೇ ಮಗಳ ಹೆಸರು ಹೇಳತಾಳ. ಬಾಯಿಗೆ ನೀರು ಬಿಡಾಕ ಮಗಳು ಬರಬೇಕಂತ ಜೀವ ಹಿಡಕೊಂಡಾಳ. ಲಗೂನ ಕಳಸ್ರಿ.”

ಸಾಯುವವರ ಬಾಯಿಗೆ ಹೊಟ್ಟೆಯಲ್ಲಿ ಹುಟ್ಟಿದವರು ನೀರು ಬಿಡಬೇಕು. ಅದು ವರ್ತಕನಿಗೆ ಗೊತ್ತಿತ್ತು. ತನ್ನ ತಂದೆಯ ಬಾಯಿಗೆ ಅವನೇ ಬಿಟ್ಟಿದ್ದ. ಅವನು ಕೂಡಲೇ ಬಾಳವ್ವನನ್ನು ಹುಡುಕಿಕೊಂಡು ಹೋದ. ಅವಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಸಮುದ್ರದ ನೀರಿನಲ್ಲಿ ಮೊಣಕಾಲುದ್ದ ನಿಂತಿದ್ದಳು. ಒಂದು ತೆರೆ ಬಂದು ಸೀರೆಯನ್ನೆಲ್ಲ ತೋಯಿಸಿತು. ಬಾಳವ್ವ ಗಟ್ಟಿಯಾಗಿ ನಕ್ಕಳು. ಇಷ್ಟು ವರ್ಷಗಳಲ್ಲಿ ವರ್ತಕ ಅವಳ ನಗು ಕೇಳಿರಲಿಲ್ಲ. ಹೇಳಬೇಕೆಂದಿದ್ದ ಮಾತನ್ನು ಅವನು ಹೇಳಲಿಲ್ಲ. ಹಿಂದಿರುಗಿ ಹೆಂಡತಿಯ ಬಳಿಗೆ ಬಂದ.

ಹೆಂಡತಿ ಕೇಳಿ ಕಣ್ಣಲ್ಲಿ ನೀರು ತಂದಳು. “ಈಗ ಹ್ಯಾಂಗ ಹೇಳೂದ್ರಿ? ಒಬ್ಬಾಕಿನ ವಿಮಾನ ಹತ್ತಿಸಿದ್ರ ಎಲ್ಲಿ ಇಳೀಬೇಕು ಅಂತ ಗೊತ್ತಾಗೂದಿಲ್ಲ. ದಾರಿ ತುಂಬ ಅಳತಾಳ. ಹೋಗೂದ್ರಾಗ ಮುದುಕಿ ಇರತಾಳೋ ಇಲ್ಲೋ. ಇಲ್ಲಿ ಇದ್ದಷ್ಟು ದಿನ ನಗನಗತಾ ಇರಲಿ ಬಿಡ್ರಿ.”

“ನಾನ ಕರಕೊಂಡು ಹೋಗಿ ಬಿಟ್ಟು ಬರಲೇನು?”

“ನೀವೂ ಹೋಗಿ, ಆಕಿನೂ ಹೋದ್ರ ಕೂಸಿನ್ನ ನಾ ಒಬ್ಬಾಕಿ ಹ್ಯಾಂಗ ಸಂಭಾಳಿಸಲಿ? ಬಂದದ್ದಾದರೂ ಯಾಕ?”

ವರ್ತಕ ಸ್ನಾನ ಮಾಡಿ ಪೂಜೆಗೆ ಕೂತ. ಹೇಳಲೋ ಬೇಡವೋ ಎಂದು ದೇವರನ್ನು ಕೇಳಿದ. ದೇವರು ಏನೂ ಅನ್ನಲಿಲ್ಲ. ಅದನ್ನೇ ಅವನು ಒಪ್ಪಿಗೆಯೆಂದು ತಿಳಿದ. “ನೋಡ್ತೀವಿ” ಎಂದಷ್ಟೇ ಹಳ್ಳಿಗೆ ಹೇಳಿದ.

ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಬಾಳವ್ವನನ್ನು ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿದರು. ಊಟಕ್ಕೆ ಕೂತಾಗ ವರ್ತಕನ ಹೆಂಡತಿ ತಾನೇ ಎದ್ದು ಅವಳಿಗೆ ಬಡಿಸಿದಳು. ಬಾಳವ್ವ ಗಾಬರಿಯಾಗಿ ತಾಟಿಗೆ ಕೈ ಅಡ್ಡ ಹಿಡಿದಳು. “ಏನ್ರೀ ಅಕ್ಕಾರ, ಇಷ್ಟು ಉಪಚಾರ? ನನಗೇನರೆ ಗಂಡು ನೋಡೀರೇನು?” ಎಂದಳು. ಹೆಂಡತಿ ನಕ್ಕಳು. ಬಾಳವ್ವ ನಕ್ಕಳು. ಕೂಸೂ ನಕ್ಕಿತು. ವರ್ತಕ ಎದ್ದು ಕೈ ತೊಳೆಯಲು ಹೋದ.

ಅತ್ತ ಹಳ್ಳಿಯಲ್ಲಿ ಮುದುಕಿ ಬಹಳ ತಡೆದಳು. ನೆರೆಯ ಹೆಂಗಸರು ಚಮಚದಿಂದ ನೀರು ಬಿಟ್ಟರೆ ಹಲ್ಲು ಕಚ್ಚಿ ಹಿಡಿಯುತ್ತಿದ್ದಳು. ನೀರು ಗಲ್ಲದ ಮೇಲಿಂದ ಹರಿದು ದಿಂಬಿಗೆ ಇಳಿಯುತ್ತಿತ್ತು. ಹಾಗೆಯೇ ಹೋದಳು. ನೆರೆಮನೆಯವನು ಮತ್ತೆ ಫೋನು ಮಾಡಿ, “ಮಗಳು ಬರೂತನ ಮಣ್ಣು ಮಾಡದ ಇಡೂಣೇನ್ರಿ?” ಎಂದು ಕೇಳಿದ. ವರ್ತಕ, “ಬ್ಯಾಡ, ಮುಗಿಸ್ರಿ” ಎಂದ.

ಅದೇ ಸಂಜೆ ಬಾಳವ್ವ ಕೂಸಿಗೆ ಉಣಿಸುತ್ತಾ ಮಾತಾಡುತ್ತಿದ್ದಳು. ವರ್ತಕ ಬಾಗಿಲ ಆಚೆ ನಿಂತು ಕೇಳಿದ. “ಅವ್ವಾ, ಮೋಡ ನಮ್ಮ ಕಾಲ ಕೆಳಗ ಇದ್ದುವು. ಅರಳಿ ಹಿಂಜಿ ಹಾಸಿದಂಗ. ನಮ್ಮೂರು ಎಲ್ಲೈತಂತ ನೋಡಿದೆ, ಕಾಣಲಿಲ್ಲ. ಹಿಂಗ ಹೇಳಲೇನೋ ಕೂಸ? ಇಲ್ಲಾ, ನಮ್ಮೂರೂ ಕಾಣತಿತ್ತು ಅಂತ ಹೇಳಲೋ? ಮುದುಕಿಗಿ ಖುಷಿ ಆಗತೈತಿ.” ಆಗಲೂ ವರ್ತಕ ಒಳಗೆ ಹೋಗಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಅವಳಿಗೆ ಊಟ ಮಾಡಿಸಿ, ಆಮೇಲೆ ಹೇಳಿದರು. ಬಾಳವ್ವ ಅಳಲಿಲ್ಲ. ವರ್ತಕನ ಮುಖವನ್ನೇ ನೋಡಿದಳು.

“ನಿಮಗ ಯಾವಾಗ ಗೊತ್ತಾತ್ರಿ?”

ವರ್ತಕ ಸುಳ್ಳು ಹೇಳುವವನಲ್ಲ. “ನೀ ಸಮುದ್ರದ ನೀರಾಗ ನಿಂತಿದ್ದೆಲಾ, ಆಗ” ಎಂದ.

“ಆಗ ಅವ್ವಗ ಜೀವ ಇತ್ತೇನ್ರಿ?”

“ಇತ್ತು.”

ಬಾಳವ್ವ ಎದ್ದು ತನ್ನ ತಾಟು ತೊಳೆದಿಟ್ಟು ಹಳ್ಳಿಗೆ ಹೋದಳು. ನೆರೆಯವರು ನೀರಿನ ಸಂಗತಿ ಹೇಳಿದರು. ಅವಳು ಮಣ್ಣಿನ ಗುಡ್ಡೆಯ ಹತ್ತಿರ ಕೂತಳು. ಅಳು ಬಂದಾಗಲೆಲ್ಲ, ಅವ್ವ ಹಲ್ಲು ಕಚ್ಚಿ ಕಾಯುತ್ತಿದ್ದಾಗ ತಾನು ನಗುತ್ತಿದ್ದೆ ಎಂಬುದು ನೆನಪಾಗಿ ಅಳು ಅಲ್ಲೇ ನಿಂತುಹೋಗುತ್ತಿತ್ತು. ಮನೆಗೆ ಬೀಗ ಹಾಕಿದಳು. ಹೋಗಲು ಬೇರೆ ಮನೆ ಇರಲಿಲ್ಲ. ವರ್ತಕನ ಮನೆಗೇ ಬಂದಳು. ಕೂಸು ಓಡಿ ಬಂದು ಕಾಲಿಗೆ ಸುತ್ತಿಕೊಂಡಿತು. ವರ್ತಕನ ಹೆಂಡತಿ, “ಆಕಿ ಅರ್ಥ ಮಾಡಿಕೊಂಡಾಳ. ಮಗಳು ಅಂದಿದ್ದು ಸುಳ್ಳಾಗಲಿಲ್ಲ” ಎಂದು ಎಲ್ಲರಿಗೂ ಹೇಳಿದಳು.

ಬಾಳವ್ವ ಮೊದಲಿನಂತೆಯೇ ಕೆಲಸ ಮಾಡಿದಳು. ಒಂದೇ ಒಂದು ಬದಲಾಯಿತು. ಕೂಸು ಏನಾದರೂ ಆಟ ಆಡಿ ಅವಳಿಗೆ ನಗು ಬಂದರೆ, ಅರ್ಧಕ್ಕೇ ನಿಲ್ಲಿಸಿ, ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಒಳಗೆ ಹೋಗಿ ಕೇಳುತ್ತಿದ್ದಳು: “ಸಾವ್ಕಾರ್ರ, ಊರಿಂದ ಏನರೆ ಸುದ್ದಿ ಬಂದೈತೇನ್ರಿ?”

ಆ ಊರಿನಲ್ಲಿ ಅವಳಿಗೆ ಸುದ್ದಿ ಕಳಿಸುವವರು ಯಾರೂ ಉಳಿದಿರಲಿಲ್ಲ. ಆದರೂ ಸಾಯುವತನಕ ಕೇಳಿದಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

“ಆದರೂ ಅಜ್ಜಾರ, ಆ ವರ್ತಕನ ಮನಸ್ಸಿನಲ್ಲಿ ಇದ್ದದ್ದು ದಯೆಯೇ ಅಲ್ಲವೇ?”

“ದಯೆಯೇ ಇತ್ತು, ಗುರುಪಾದ, ಅದರ ಖರ್ಚನ್ನೆಲ್ಲ ಬಾಳವ್ವ ಕೊಟ್ಟಳು.”