ಅಡುಗೆಯವನು ಓಡಿಸಿದ ಕಾರು

ಕಂಟ್ರಾಕ್ಟರ್ ತಿಪ್ಪೇರುದ್ರಪ್ಪ ಕುಡಿದು ಕಾರು ಓಡಿಸಿ ಹೂವಿನಂಗಡಿಗೆ ಗುದ್ದಿದ. ಕೇಸು ಕೋರ್ಟಿಗೆ ಬಂತು. ಅವನ ಮನೆಯ ಅಡುಗೆಯವನು ನಾನು. ನನ್ನನ್ನು ಕರೆದು, "ಕುಡಿದು ಓಡಿಸಿದ್ದು ನೀನೇ ಅಂತ ಜಡ್ಜ್ ಮುಂದೆ ಒಪ್ಕೋ. ನನ್ನ ಮನೆ ಉಪ್ಪು ತಿಂದಿದ್ದೀಯ" ಅಂದ.

ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ಆ ಉಪ್ಪು ಹಾಕಿದ್ದೇ ನಾನು! ಆದರೂ ಹೂಂ ಅಂದೆ.

ಕಟಕಟೆ ಹತ್ತಿದೆ. "ಹೌದು ಸ್ವಾಮಿ, ನಾನೇ ಓಡಿಸಿದ್ದು. ಕಾರು ಹೊರಗೇ ನಿಂತಿದೆ. ಕೀಲಿ ಕೊಡಿಸಿ, ಯಜಮಾನರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಸುತ್ತು ಓಡಿಸಿ ತೋರಿಸ್ತೀನಿ."

"ಕೀಲಿ ಕೊಡ್ರಿ," ಅಂದರು ಜಡ್ಜ್.

ತಿಪ್ಪೇರುದ್ರಪ್ಪ ಜೇಬು ಒತ್ತಿ ಹಿಡಿದು ಅರಚಿದ: "ಬೇಡ ಸ್ವಾಮಿ! ಈ ಮುಂಡೇದಕ್ಕೆ ಸೈಕಲ್ ಓಡಿಸೋಕೂ ಬರಲ್ಲ!"

"ಅದನ್ನ ಬರ್ಕೊಳ್ಳಿ ಸ್ವಾಮಿ," ಅಂದೆ. "ಇವತ್ತಿಂದ ಇವರ ಸಾರಿಗೆ ಇವರೇ ಉಪ್ಪು ಹಾಕ್ಕೊಳ್ಲಿ."