ನೋಡದೆ ತುಂಬಿದ ಚೌಕಗಳು

“ಗುರುಗಳೇ, ಅಡುಗೆಯ ನಿಂಗವ್ವನನ್ನು ಇನ್ನೂ ಯಾಕೆ ಮಠದಿಂದ ಹೊರಗೆ ಹಾಕಿಲ್ಲ?” ಎಂದು ಶಿಷ್ಯ ಕೇಳಿದ. ಅವನು ಸಿಟ್ಟಿನಲ್ಲಿದ್ದ. “ಹಬ್ಬಕ್ಕೆಂದು ತೆಗೆದಿಟ್ಟ ಸಣ್ಣಕ್ಕಿ, ಎರಡು ಸೇರು, ಗಂಟು ಕಟ್ಟಿಕೊಂಡು ಹಿತ್ತಿಲ ಬಾಗಿಲಿನಿಂದ ಹೋದಳು. ಕಣ್ಣಾರೆ ಕಂಡು ಹೇಳಿದ್ದೇನೆ. ಮಠದವರೆಲ್ಲ ನಂಬಿ ಅವಳ ಜೊತೆ ಮಾತು ಬಿಟ್ಟಿದ್ದಾರೆ. ನೀವೊಬ್ಬರೇ ನಂಬುತ್ತಿಲ್ಲ. ನನ್ನ ಮಾತಿಗೆ ಇಷ್ಟೇ ಬೆಲೆಯೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಕಾರನಿದ್ದ. ಮುಖಗಳನ್ನು ಬರೆಯುವುದೇ ಅವನ ಕಸುಬು. ಗಿರಾಕಿ ಕೊಟ್ಟ ಫೋಟೋದ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡುವನು. ಕ್ಯಾನ್ವಾಸಿನ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ದಿನಕ್ಕೊಂದರಂತೆ ತುಂಬುವನು. ನಾಲ್ಕೇ ಕೂದಲಿನ ಕುಂಚ. ಚರ್ಮದ ಒಂದೊಂದು ರಂಧ್ರ, ಕಣ್ಣಿನ ಬಿಳಿಯಲ್ಲಿ ಓಡುವ ಕೆಂಪು ಎಳೆ, ಯಾವುದನ್ನೂ ಬಿಡುತ್ತಿರಲಿಲ್ಲ. ನೋಡಿದವರು ಅದನ್ನು ಫೋಟೋ ಎಂದೇ ತಿಳಿಯುತ್ತಿದ್ದರು. ಫೋಟೋದಲ್ಲಿ ಕಾಣದ್ದನ್ನು ಎಳ್ಳಷ್ಟೂ ಬರೆಯಬಾರದು ಎಂಬುದು ಅವನ ನೇಮವಾಗಿತ್ತು.

ಒಂದು ಬೆಳಿಗ್ಗೆ ಅವನ ಮನೆಗೆ ಹಾಲು ತರುವ ಹೆಂಗಸಿಗೆ ಲಾರಿಯೊಂದು ಗುದ್ದಿತು. ಲಾರಿಯವನು ನಿಲ್ಲಿಸಲಿಲ್ಲ. ಅವಳು ಅಲ್ಲೇ ಸತ್ತಳು. ಕಿಟಕಿಯಲ್ಲಿ ನಿಂತಿದ್ದ ಚಿತ್ರಕಾರನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಲಾರಿಯವನ ಮುಖ ಕಂಡಿತ್ತು. ಅವನ ಮೈ ಉರಿದುಹೋಯಿತು. ಒಂದು ಜೀವ ತೆಗೆದು ತಿರುಗಿಯೂ ನೋಡದವನನ್ನು ಸುಮ್ಮನೆ ಬಿಡುವುದೇ? ಊರವರೂ “ನೋಡಿದವನು ನೀನೇ, ಬರೆದುಕೊಡು” ಎಂದರು. ಅವನು ಫೋಟೋ ಇಲ್ಲದೆ ಬರೆಯಲು ಕುಳಿತ.

ಕಂಡದ್ದು ಒಂದು ಗಡ್ಡ, ಒಂದು ಅಗಲವಾದ ಹಣೆ. ಅದಕ್ಕೆ ಹತ್ತು ಹನ್ನೆರಡು ಚೌಕ ಸಾಕಿತ್ತು. ಆದರೆ ಸಿಟ್ಟು ಅಲ್ಲಿಗೆ ನಿಲ್ಲಬೇಕಲ್ಲ! ದಿನಕ್ಕೊಂದೆಂಬ ಲೆಕ್ಕ ಬಿಟ್ಟು, ಊಟ ತಿಂಡಿ ಮರೆತು ಉಳಿದವನ್ನೂ ತುಂಬಿದ. ಮೂಗು ಬಂತು, ತುಟಿ ಬಂತು, ಕಿವಿಯ ಕೆಳಗೆ ಒಂದು ಮಚ್ಚೆ ಬಂತು, ಮಚ್ಚೆಯ ಮೇಲೆ ಎರಡು ಕೂದಲೂ ಬಂದವು. ಇದೆಲ್ಲ ಎಲ್ಲಿಂದ ಬರುತ್ತಿದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಚಿತ್ರವನ್ನು ಬಸ್ ನಿಲ್ದಾಣದಲ್ಲಿ ತೂಗುಹಾಕಿದರು. “ಫೋಟೋನೇ ಇದೆಯಲ್ಲ, ಇನ್ನೇನು ಬೇಕು?” ಎಂದರು ಜನ. ಚಿತ್ರಕಾರನ ಮನೆಯೆದುರಿನ ಮರದ ಕೆಳಗೆ ದಿನಾ ಕೂತು ಪಾತ್ರೆಗಳಿಗೆ ಕಲಾಯಿ ಹಾಕುವವನೊಬ್ಬನಿದ್ದ. ಅವನಿಗೂ ಗಡ್ಡವಿತ್ತು. ಕಿವಿಯ ಕೆಳಗೆ ಅದೇ ಮಚ್ಚೆ ಇತ್ತು. ಹಿಡಿದರು, ಬಡಿದರು, ಬಲಗೈ ಮುರಿದರು. ಇವನಿಗೆ ಲಾರಿ ಓಡಿಸಲು ಬರುತ್ತದೆಯೇ ಎಂದು ಕೇಳಬೇಕೆಂದು ಅಷ್ಟು ಜನರಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ. ತಲೆಯಲ್ಲಿ ಮಿದುಳಿತ್ತೋ, ಮಣ್ಣಿತ್ತೋ!

ತಿಂಗಳಾದ ಮೇಲೆ ಕಲಾಯಿಯವನು ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಚಿತ್ರಕಾರನ ಬಾಗಿಲಿಗೆ ಬಂದ.

“ಸ್ವಾಮಿ, ನನಗೆ ಸೈಕಲ್ ತುಳಿಯೋಕೂ ಬರೋದಿಲ್ಲ. ಈ ಮಚ್ಚೆ ನಿಮಗೆ ಆ ಲಾರಿಯೊಳಗೆ ಕಾಣಿಸಿತಾ?”

ಚಿತ್ರಕಾರ ಹೇಳಿದ: “ಇಲ್ಲಪ್ಪ. ಗಡ್ಡ, ಹಣೆ, ಅಷ್ಟೇ ಕಂಡದ್ದು. ಉಳಿದದ್ದು ದಿನಾ ನಿನ್ನನ್ನು ನೋಡಿ ನೋಡಿ ಕೈಗೆ ಬಂದುಬಿಟ್ಟಿತು.”

“ಹಾಗಾದರೆ ಕಂಡಷ್ಟು ಬರೆದು ಮಿಕ್ಕದ್ದನ್ನು ಖಾಲಿ ಬಿಡಬೇಕಿತ್ತು! ಖಾಲಿ ಬಿಟ್ಟಿದ್ದರೆ ನನ್ನ ಕೈ ಉಳೀತಿತ್ತು. ಇನ್ನು ನಾನು ಹೇಗೆ ದುಡಿದು ತಿನ್ನಲಿ, ನೀವೇ ಹೇಳಿ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಅನ್ಯಾಯ! ಮೊದಲು ಆ ಚಿತ್ರಕಾರನನ್ನು ಊರು ಬಿಡಿಸಬೇಕಿತ್ತು” ಎಂದು ಸಿಡಿದ.

ಗುರುಗಳು ಕೇಳಿದರು: “ನಿಂಗವ್ವ ಹಿತ್ತಿಲ ಬಾಗಿಲು ದಾಟಿದಾಗ ನಿನ್ನ ಕಣ್ಣಿಗೆ ಕಂಡದ್ದು ಗಂಟೋ, ಅಕ್ಕಿಯೋ?”