ಮಡಿಯವಳ ತಲೆ ಮೇಲಿನ ಗಂಧಕ

ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ, ಯಾರ ಮುಂದೆಯೂ ಬಾಯಿ ಬಿಡಬೇಡಿ. ನಾನು ಗುರುಗ್ರಹ ಸುತ್ತುವ ಬೆಂಕಿಚಂದ್ರಿ. ಮೈತುಂಬ ಗಂಧಕ ಉಗುಳುವ ಜ್ವಾಲಾಮುಖಿ ಬಾಯಿಗಳು. ಪಕ್ಕದ ಹಿಮಚಂದ್ರಿ ಸದಾ ಮಡಿ ಮಡಿ ಅಂತ ದೂರ ಸರಿಯುವವಳು. ಮೊನ್ನೆ, ಯಾರ ಕಣ್ಣಿಗೂ ಬೀಳದ ಅತಿನೇರಳೆ ಬೆಳಕನ್ನು ನೋಡುವ ದುರ್ಬೀನಪ್ಪ ಬಂದವನು, "ಹಿಮಚಂದ್ರಿಯ ತಲೆ ಮೇಲಿನ ಗಾಳಿಯಲ್ಲಿ ಗಂಧಕ ಹೊಳೆಯುತ್ತಿದೆ, ಅದು ಎಲ್ಲಿಂದ ಬಂತೆಂದರೆ..." ಎಂದು ಶುರುಮಾಡಿದ. ಪೂರ್ತಿ ಕೇಳುವಷ್ಟು ಪುರುಸೊತ್ತು ಯಾರಿಗಿದೆ? "ಮಡಿಯವಳು ಕದ್ದು ಒಲೆ ಹಚ್ಚುತ್ತಾಳೆ" ಎಂದು ಉಳಿದ ಚಂದ್ರಿಯರಿಗೆಲ್ಲ ಊದಿಬಿಟ್ಟೆ. ಅವರು ಅವಳೊಡನೆ ಮಾತು ಬಿಟ್ಟರು. ಆಮೇಲೆ ಅವಳು ಸುತ್ತಿ ಬಂದು ನನ್ನ ಮುಖಕ್ಕೇ ಹೇಳಿದಳು: "ನನ್ನ ಮನೆಯಲ್ಲಿ ಒಲೆಯೇ ಇಲ್ಲ ಕಣೇ. ನೀನು ಬಾಯಿ ತೆರೆದಾಗಲೆಲ್ಲ ಹಾರಿ ನನ್ನ ತಲೆ ಮೇಲೆ ಬೀಳುತ್ತದಲ್ಲ, ದುರ್ಬೀನಪ್ಪ ನೋಡಿದ್ದು ಆ ನಿನ್ನ ಎಂಜಲನ್ನು."